ಬಳಪದ ಕಲ್ಲು ಮತ್ತು ಜಿನಾಲಯಗಳ ಜೀರ್ಣೋದ್ಧಾರ

ಕಾಗದದ ಖಾತೆಪುಸ್ತಕಗಳು ಬರುವುದಕ್ಕೆ ಮೊದಲು ಕರ್ನಾಟಕದ ವರ್ತಕರು ತಮ್ಮ ಲೆಕ್ಕಪತ್ರಗಳನ್ನು ಕಡತಗಳಲ್ಲಿ ಬರೆದಿಡುತ್ತಿದ್ದರು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ ಸಿದ್ಧಪಡಿಸಿದ ಆ ಕಪ್ಪು ಪುಸ್ತಕದ ಮೇಲೆ ಬಿಳಿಯ ಅಕ್ಷರಗಳನ್ನು ಮೂಡಿಸುತ್ತಿದ್ದುದು ಬಳಪ. ಅಕ್ಷರಾಭ್ಯಾಸಕ್ಕೆ ಕುಳಿತ ಮಗುವಿನ ಕೈಯಲ್ಲಿ ಇರುತ್ತಿದ್ದುದೂ ಅದೇ ಬಳಪ. ಮೆತ್ತನೆಯ ಒಂದು ಕಲ್ಲಿನಿಂದ ಕೊಯ್ದು ತೆಗೆದ ಈ ಕಡ್ಡಿಯ ಹೆಸರೇ ಮೂಲಶಿಲೆಗೂ ಅನ್ವಯವಾಗಿ, ಕನ್ನಡದಲ್ಲಿ ಅದು ಬಳಪದ ಕಲ್ಲು ಎನಿಸಿತು. ಅಂಗಡಿಯ ಜಮಾಖರ್ಚನ್ನು ಬರೆದ ಆ ಶಿಲೆಯಲ್ಲಿಯೇ ತೀರ್ಥಂಕರರ ಬಿಂಬಗಳೂ ಬಸದಿಗಳ ಕಂಬಗಳೂ ಭುವನೇಶ್ವರಿಗಳೂ ರೂಪುಗೊಂಡವು. ಕರ್ನಾಟಕದ ಜೈನ ಶಿಲ್ಪದ ಒಂದು ಶ್ರೇಷ್ಠ ಅಧ್ಯಾಯವು ಈ ಕಲ್ಲಿನ ಮೇಲೆಯೇ ಬರೆಯಲ್ಪಟ್ಟಿದೆ. ಆ ಅಧ್ಯಾಯವನ್ನು ಉಳಿಸಿಕೊಳ್ಳುವ ಹೊಣೆ ಇಂದು ಬಹುಮಟ್ಟಿಗೆ ಬಸದಿಗಳ ಆಡಳಿತ ಮಂಡಳಿಗಳ ಮೇಲೆ ಬಿದ್ದಿರುವುದರಿಂದ, ಈ ಶಿಲೆಯ ಗುಣವನ್ನೂ ಚರಿತ್ರೆಯನ್ನೂ ಅರಿತಿರುವುದು ಅವಶ್ಯಕವಾಗಿದೆ.

ಕಲ್ಲಿನ ಸ್ವಭಾವ

ಬಳಪದ ಕಲ್ಲಿನ ಮುಖ್ಯ ಅಂಶ ಟಾಲ್ಕ್ ಎಂಬ ಖನಿಜ. ಅದರೊಡನೆ ಕ್ಲೋರೈಟ್ ಹಾಗೂ ಕೆಲವೆಡೆ ಕಾರ್ಬೊನೇಟ್ ಖನಿಜಗಳು ಸೇರಿರುತ್ತವೆ. ಕ್ಲೋರೈಟ್ ಹೆಚ್ಚಾದಂತೆ ಕಲ್ಲಿನ ಬಣ್ಣ ಹಸಿರು ಬೆರೆತ ಬೂದಿಗೆ ತಿರುಗುತ್ತದೆ. ಕರ್ನಾಟಕದ ದೇವಾಲಯಗಳಲ್ಲಿ ಹೆಚ್ಚಾಗಿ ಕಾಣುವುದು ಈ ಬಗೆಯ ಕಲ್ಲೇ. ಭೂವಿಜ್ಞಾನಿಗಳು ಇದನ್ನು ಕ್ಲೋರೈಟ್ ಶಿಸ್ಟ್ ಎಂದು ಕರೆಯುತ್ತಾರೆ. ಮುಟ್ಟಿದರೆ ಸಾಬೂನಿನಂತೆ ನುಣುಪಾಗಿರುವುದರಿಂದ ಸೋಪುಕಲ್ಲು ಎಂಬ ಹೆಸರೂ ಬಳಕೆಗೆ ಬಂದಿದೆ.

ಖನಿಜಗಳ ಕಾಠಿಣ್ಯವನ್ನು ಅಳೆಯಲು ಮೋಸ್ ಎಂಬ ಜರ್ಮನ್ ವಿದ್ವಾಂಸನು ರೂಪಿಸಿದ ಮಾನದಲ್ಲಿ ವಜ್ರಕ್ಕೆ 10ನೆಯ ಸ್ಥಾನ, ಟಾಲ್ಕಿಗೆ 1ನೆಯ ಸ್ಥಾನ. ಮನುಷ್ಯನ ಉಗುರಿನ ಕಾಠಿಣ್ಯ ಸುಮಾರು ಎರಡೂವರೆ. ಸಾಮಾನ್ಯ ಮರಳಿನ ಕಣದ ಕಾಠಿಣ್ಯ 7. ಶುದ್ಧ ಟಾಲ್ಕಿನ ಮೇಲೆ ಉಗುರಿನಿಂದಲೂ ಗೀರು ಎಳೆಯಬಹುದು. ಕ್ಲೋರೈಟ್ ಬೆರೆತ ಕಟ್ಟಡದ ಕಲ್ಲು ಅದಕ್ಕಿಂತ ತುಸು ಗಟ್ಟಿ, ಆದರೂ ಮರಳಿನ ಮುಂದೆ ಅದು ಬಹಳ ಮೃದು. ಗಣಿಯಿಂದ ಹೊಸದಾಗಿ ತೆಗೆದಾಗ ಕಲ್ಲು ಉಳಿಗೆ ಸುಲಭವಾಗಿ ಒಗ್ಗುತ್ತದೆ, ಗಾಳಿಗೆ ಒಡ್ಡಿಕೊಂಡ ಮೇಲೆ ಕ್ರಮೇಣ ಬಿಗಿಯುತ್ತದೆ ಎಂಬುದು ಶಿಲ್ಪಿಗಳ ಅನುಭವ. ಈ ಅಂಕೆಗಳನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಅನೇಕ ಸಂಗತಿಗಳು ತಾವಾಗಿಯೇ ಸ್ಪಷ್ಟವಾಗುವುವು.

ಈ ಶಿಲೆಯ ಉಪಯೋಗ ಬಹು ಪ್ರಾಚೀನವಾದುದು. ಸಿಂಧೂ ನಾಗರಿಕತೆಯ ಸುಪ್ರಸಿದ್ಧ ಮುದ್ರೆಗಳನ್ನು ಈ ಮೆತ್ತನೆಯ ಕಲ್ಲಿನಲ್ಲಿ ಕೆತ್ತಿ, ಆಮೇಲೆ ಬೆಂಕಿಯಲ್ಲಿ ಕಾಯಿಸಿ ಗಟ್ಟಿಗೊಳಿಸುತ್ತಿದ್ದರು. ಅವು ವ್ಯಾಪಾರದ ಸರಕಿಗೆ ಮುದ್ರೆ ಒತ್ತಲು ಬಳಕೆಯಾಗುತ್ತಿದ್ದುವೆಂದು ವಿದ್ವಾಂಸರ ಅಭಿಪ್ರಾಯ. ಶಾಖವನ್ನು ಬಹಳ ಹೊತ್ತು ಹಿಡಿದಿಡುವ ಗುಣದಿಂದಾಗಿ ದಕ್ಷಿಣ ಭಾರತದ ಅಡುಗೆಮನೆಗಳಲ್ಲಿ ಬಳಪದ ಕಲ್ಲಿನ ಪಾತ್ರೆಗಳಿಗೆ ಸ್ಥಾನವಿದ್ದಿತು. ಬ್ರೆಜಿಲ್ ದೇಶದ ರಿಯೊ ನಗರದಲ್ಲಿ 1931ರಲ್ಲಿ ಪೂರ್ಣಗೊಂಡ ಕ್ರಿಸ್ತನ ಬೃಹತ್ ಪ್ರತಿಮೆಯ ಹೊರಮೈಗೆ ಇದೇ ಜಾತಿಯ ಕಲ್ಲಿನ ಸಣ್ಣ ಸಣ್ಣ ತ್ರಿಕೋನ ಬಿಲ್ಲೆಗಳನ್ನು ಹೊದಿಸಲಾಗಿದೆ. ಆದರೆ ಈ ಕಲ್ಲಿನಲ್ಲಿಯೇ ಗೋಡೆ, ಕಂಬ, ತೊಲೆ, ಛಾವಣಿ, ಶಿಖರಗಳನ್ನೆಲ್ಲ ನಿರ್ಮಿಸಿ, ಶತಮಾನಗಳ ಕಾಲ ಒಂದು ವಾಸ್ತುಪರಂಪರೆಯನ್ನೇ ಬೆಳೆಸಿದ ನಾಡುಗಳಲ್ಲಿ ಕರ್ನಾಟಕಕ್ಕೆ ವಿಶಿಷ್ಟ ಸ್ಥಾನವಿದೆ.

ಮರಳುಗಲ್ಲಿನಿಂದ ಬಳಪದ ಕಲ್ಲಿಗೆ

ಬಾದಾಮಿಯ ಚಾಲುಕ್ಯರ ಕಾಲದ ಕಟ್ಟಡಗಳು ಮರಳುಗಲ್ಲಿನವು. ಕವಿ ರವಿಕೀರ್ತಿಯು ಕ್ರಿ.ಶ. 634ರಲ್ಲಿ ಐಹೊಳೆಯ ಬೆಟ್ಟದ ಮೇಲೆ ಕಟ್ಟಿಸಿದ ಮೇಗುತಿ ಜಿನಾಲಯವಾಗಲಿ, ರಾಷ್ಟ್ರಕೂಟರ ಕಾಲದ ಪಟ್ಟದಕಲ್ಲಿನ ಜಿನಾಲಯವಾಗಲಿ ಈ ಮಾತಿಗೆ ಹೊರತಲ್ಲ. ಮರಳುಗಲ್ಲು ದೊಡ್ಡ ದೊಡ್ಡ ದಿಂಡುಗಳಾಗಿ ದೊರೆಯುತ್ತದೆ. ಅದರಲ್ಲಿ ಗಾಂಭೀರ್ಯವಿದೆ, ಬೃಹತ್ತಾದ ಆಕೃತಿಗಳಿಗೆ ಅದು ಒಪ್ಪುತ್ತದೆ. ಆದರೆ ಅದರ ಕಣಗಳು ಒರಟಾದುದರಿಂದ ಕೂದಲೆಳೆಯಷ್ಟು ನವುರಾದ ಕೆತ್ತನೆಗೆ ಅದು ಅವಕಾಶ ಕೊಡುವುದಿಲ್ಲ.

ಹನ್ನೊಂದನೆಯ ಶತಮಾನದ ಆರಂಭದಲ್ಲಿ ಈ ಸ್ಥಿತಿ ಬದಲಾಯಿತು. ಬದಲಾವಣೆಯ ಮೊದಲ ಹೆಜ್ಜೆಗಳಲ್ಲಿ ಒಂದನ್ನು ಇಟ್ಟವಳು ಒಬ್ಬ ಜೈನ ಶ್ರಾವಕಿ ಎಂಬುದು ಹೆಮ್ಮೆಯ ಸಂಗತಿ. ದಾನಚಿಂತಾಮಣಿ ಅತ್ತಿಮಬ್ಬೆಯು ಕ್ರಿ.ಶ. 1007ರಲ್ಲಿ, ಚಾಲುಕ್ಯ ಚಕ್ರವರ್ತಿ ಸತ್ಯಾಶ್ರಯ ಇರಿವಬೆಡಂಗನ ಆಳ್ವಿಕೆಯಲ್ಲಿ, ಲೊಕ್ಕಿಗುಂಡಿಯಲ್ಲಿ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ, ಬ್ರಹ್ಮ ಜಿನಾಲಯವನ್ನು ಕಟ್ಟಿಸಿದಳು. ಟಂಕಸಾಲೆಯಿದ್ದು ನಾಣ್ಯಗಳಿಗೆ ಹೆಸರಾಗಿದ್ದ ಆ ಪಟ್ಟಣದ ಈ ಬಸದಿಯು, ಆ ಸೀಮೆಯಲ್ಲಿ ಮರಳುಗಲ್ಲನ್ನು ಬಿಟ್ಟು ನಯವಾದ ಬಳಪದ ಕಲ್ಲನ್ನು ಬಳಸಿದ ಅತ್ಯಂತ ಮೊದಲಿನ ಕಟ್ಟಡಗಳ ಸಾಲಿಗೆ ಸೇರುತ್ತದೆ. ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುವನ್ನು ಕುರಿತು 1926ರಲ್ಲಿ ಗ್ರಂಥವನ್ನು ಪ್ರಕಟಿಸಿದ ಹೆನ್ರಿ ಕಸಿನ್ಸ್ ಮೊದಲಾಗಿ ಅನೇಕ ವಿದ್ವಾಂಸರು ಈ ಜಿನಾಲಯವನ್ನು ಗಮನಿಸಿದ್ದಾರೆ.

ಕಲ್ಲು ಬದಲಾದೊಡನೆ ಕಟ್ಟುವ ಕ್ರಮವೂ ಬದಲಾಯಿತು. ಬಳಪದ ಕಲ್ಲು ಗಣಿಯಲ್ಲಿ ತೆಳುವಾದ ಪದರುಗಳಲ್ಲಿ ದೊರೆಯುವುದರಿಂದ ದಿಂಡುಗಳ ಗಾತ್ರ ಕಿರಿದಾಯಿತು. ಕಿರಿಯ ಕಲ್ಲುಗಳನ್ನು ಜೋಡಿಸಿದ ಗೋಡೆಗಳಲ್ಲಿ ಅರೆಗಂಬಗಳು, ಗೂಡುಗಳು, ಚಿಕಣಿ ಗೋಪುರಗಳು ಒತ್ತೊತ್ತಾಗಿ ಸೇರಿಕೊಂಡವು. ಕಂಬಗಳನ್ನು ತಿರುಗಣೆಗೆ ಏರಿಸಿ ಕಡೆಯುವುದು ಸಾಧ್ಯವಾಯಿತು. ಗಟ್ಟಿ ಕಲ್ಲಿನಲ್ಲಿ ಉಳಿಯ ಏಟಿನಿಂದ ಮಾಡಬೇಕಾದ ಕೆಲಸವನ್ನು ಇಲ್ಲಿ ಮರಗೆಲಸದವನಂತೆ ಕೊರೆದು, ಹೆರೆದು, ಉಜ್ಜಿ ಮಾಡಬಹುದಾಗಿತ್ತು. ಸಾವಿರ ವರ್ಷಗಳ ಹಿಂದಿನ ದಾನಿಯ ಲೆಕ್ಕದಲ್ಲಿ ಇದರ ಅರ್ಥ, ಒಬ್ಬ ರೂವಾರಿಯ ಅಷ್ಟೇ ದಿನಗಳ ದುಡಿಮೆಗೆ ಹಲವು ಪಟ್ಟು ಹೆಚ್ಚು ಕೆತ್ತನೆ ದೊರೆಯಿತು ಎಂಬುದಾಗಿದೆ.

ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದೂ, ರನ್ನನ ಅಜಿತಪುರಾಣಕ್ಕೆ ಆಶ್ರಯದಾತೆಯಾಗಿದ್ದಳೆಂಬುದೂ ಪ್ರಸಿದ್ಧವಾಗಿವೆ. ಓಲೆಗರಿಯು ಹಾಳಾಗುವ ವಸ್ತುವೆಂದು ಬಲ್ಲವಳಾದುದರಿಂದಲೇ ಅವಳು ಪ್ರತಿ ಮಾಡಿಸಿದಳು. ಆದರೆ ಬಸದಿಗೆ ಪ್ರತಿಯಿಲ್ಲ. ಅದನ್ನು ಉಳಿಸುವ ಕೆಲಸವನ್ನು ಮುಂದಿನವರಿಗೆ ವಹಿಸದೆ ಅವಳಿಗೆ ಬೇರೆ ದಾರಿಯಿರಲಿಲ್ಲ.

ಇಂದೂರ, ಮುಂಡಗೋಡದ ನೆರೆಹೊರೆ

ಉತ್ತರ ಕನ್ನಡ ಜಿಲ್ಲೆಯನ್ನು ಕಾಡು ಮತ್ತು ಕಡಲಿನ ಜಿಲ್ಲೆಯೆಂದು ಕರೆಯುವುದು ರೂಢಿ. ಘಟ್ಟದ ಕೆಳಗಿನ ತಾಲ್ಲೂಕುಗಳಲ್ಲಿ ಕಟ್ಟಡಕ್ಕೆ ಸುಲಭವಾಗಿ ದೊರೆಯುವುದು ಕೆಂಪು ಚಿರೆಕಲ್ಲು. ಅದು ರಂಧ್ರಮಯವಾದ ಕಲ್ಲು. ಗೋಡೆಗೆ ಒಳ್ಳೆಯದು, ಸೂಕ್ಷ್ಮ ಶಿಲ್ಪಕ್ಕೆ ಒದಗದು. ಘಟ್ಟದ ಮೇಲೆ ಪೂರ್ವಕ್ಕೆ ಹೋದಂತೆ ನಾಡಿನ ಮುಖ ಬೇರೆಯಾಗುತ್ತದೆ. ಇಂದೂರ ಗ್ರಾಮವಿರುವ ಮುಂಡಗೋಡ ತಾಲ್ಲೂಕು ಮಲೆನಾಡು ಮುಗಿದು ಬಯಲುಸೀಮೆ ಆರಂಭವಾಗುವ ಅಂಚಿನಲ್ಲಿದೆ. ಅದರ ಮೇರೆಗಳು ಹಾವೇರಿ ಜಿಲ್ಲೆಯ ಹಾನಗಲ್ಲು, ಶಿಗ್ಗಾಂವಿ ತಾಲ್ಲೂಕುಗಳಿಗೆ ತಾಗುತ್ತವೆ. ಬಳಪದ ಕಲ್ಲು ಹೇರಳವಾಗಿ ದೊರೆಯುವ ನೆಲೆಗಳೆಂದು ಚಾಲುಕ್ಯ ವಾಸ್ತುವಿನ ಅಭ್ಯಾಸಿಗಳು ಹೆಸರಿಸುವುದು ಹಾವೇರಿ, ಸವಣೂರು, ಬ್ಯಾಡಗಿ, ಮೋಟೆಬೆನ್ನೂರು ಮತ್ತು ಹಾನಗಲ್ಲು ಸೀಮೆಯನ್ನೇ. ಹೀಗಾಗಿ ಇಂದೂರಿನ ಸುತ್ತಣ ಪ್ರದೇಶವು ಈ ಶಿಲ್ಪಪರಂಪರೆಯ ತವರಿನ ಹೊಸ್ತಿಲಲ್ಲಿಯೇ ಇದೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಎಂಟು ಮೂಲೆಯ ಮೇಲ್ಛಾವಣಿಯಲ್ಲಿ ಅರಳಿರುವ ಕಮಲವನ್ನು ನೋಡಿದವರಿಗೆ ಈ ಕಲ್ಲಿನ ಸಾಮರ್ಥ್ಯವನ್ನು ಬೇರೆ ಮಾತಿನಲ್ಲಿ ಹೇಳಬೇಕಾಗಿಲ್ಲ.

ಮುಂಡಗೋಡಕ್ಕೆ ನೆರೆಯದಾದ ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವು ಜೈನ ಚರಿತ್ರೆಯಲ್ಲಿ ಪೂಜ್ಯ ಸ್ಥಾನ. ಗುಣಭದ್ರಾಚಾರ್ಯರ ಉತ್ತರಪುರಾಣವು ಕ್ರಿ.ಶ. 898ರಲ್ಲಿ ಪೂಜೆಗೊಂಡದ್ದು ಇಲ್ಲಿ. ಗಂಗ ದೊರೆ ಮಾರಸಿಂಹನು 974ರ ಸುಮಾರಿಗೆ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಸ್ವೀಕರಿಸಿದ್ದೂ ಇಲ್ಲಿಯೇ. ಬಂಕಾಪುರದ ಕೋಟೆಯಲ್ಲಿ ಇಂದು ಎದ್ದು ನಿಂತಿರುವುದು ಅರವತ್ತು ಕಂಬದ ಗುಡಿಯೆಂದು ಹೆಸರಾದ ನಾಗರೇಶ್ವರ ದೇವಾಲಯ. ಅದರ ಕಡೆದ ಕಂಬಗಳು ಆ ಕಾಲದ ರೂವಾರಿಗಳ ಕೈಚಳಕಕ್ಕೆ ಸಾಕ್ಷಿಯಾಗಿವೆ.

ದೇವಾಲಯಗಳಷ್ಟೇ ಅಲ್ಲ, ವೀರಗಲ್ಲು, ನಿಸಿದಿಗಲ್ಲು, ಶಾಸನದ ಹಲಗೆಗಳಿಗೂ ಈ ನಯವಾದ ಕಲ್ಲು ಬಹಳ ಅನುಕೂಲವಾಗಿತ್ತು. ಅಕ್ಷರದ ದುಂಡು, ಒತ್ತು, ಕೊಂಬುಗಳು ಸ್ಫುಟವಾಗಿ ಮೂಡಲು ನುಣ್ಣನೆಯ ಮೈ ಬೇಕು. ದಾನ ಕೊಟ್ಟವರ ಹೆಸರು, ಭೂಮಿಯ ಅಳತೆ, ಎಲ್ಲೆಗಳ ವಿವರ ಇವೆಲ್ಲವೂ ಅದರಲ್ಲಿ ದಾಖಲಾದವು. ಆದರೆ ಅದೇ ನುಣುಪಿನಿಂದಾಗಿ ಇಂತಹ ಎಷ್ಟೋ ಹಲಗೆಗಳು ಹಳ್ಳಿಗಳಲ್ಲಿ ಬಟ್ಟೆ ಒಗೆಯುವ ಕಲ್ಲುಗಳಾಗಿ, ಕುಡುಗೋಲು ಮಸೆಯುವ ಕಲ್ಲುಗಳಾಗಿ ಸವೆದುಹೋದುವು. ಸಮಾಧಿಮರಣ ಹೊಂದಿದ ಒಬ್ಬ ಶ್ರಾವಕನ ಸ್ಮರಣೆಯು ಕುಡುಗೋಲಿನ ಗೀರಿನಲ್ಲಿ ಅಳಿಸಿಹೋಗುವುದಕ್ಕೆ ದ್ವೇಷವೇನೂ ಬೇಕಾಗಲಿಲ್ಲ, ಅಲಕ್ಷ್ಯವೇ ಸಾಕಾಯಿತು.

ಹೊಯ್ಸಳ ನಾಡಿನಲ್ಲಿ

ಈ ಸೀಮೆಯ ಕೌಶಲವು ದಕ್ಷಿಣಕ್ಕೆ ಹರಿಯಿತು. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಹೆಸರು ಕೆತ್ತಿಕೊಂಡಿರುವ ದಾಸೋಜ ಮತ್ತು ಅವನ ಮಗ ಚಾವಣ ಇವರು ಬಳ್ಳಿಗಾವಿಯವರು. ಬನವಾಸಿಗೆ ದೂರವಲ್ಲದ ಆ ಊರಿನ ಓಜರು ಹೊಯ್ಸಳರ ರಾಜಧಾನಿಯವರೆಗೆ ಹೋಗಿ ಹನ್ನೆರಡನೆಯ ಶತಮಾನದಲ್ಲಿ ಕೆಲಸ ಮಾಡಿದ್ದರು.

ಅದೇ ಕಾಲದಲ್ಲಿ, ಕ್ರಿ.ಶ. 1133ರಲ್ಲಿ, ಹಳೇಬೀಡಿನಲ್ಲಿ ದಂಡನಾಯಕ ಬೊಪ್ಪದೇವನು ತನ್ನ ತಂದೆ ಗಂಗರಾಜನ ಸ್ಮರಣಾರ್ಥವಾಗಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದನು. ಪ್ರತಿಷ್ಠೆಯ ಶೇಷೆಯನ್ನು ಅರ್ಚಕರು ಅರಸನಾದ ವಿಷ್ಣುವರ್ಧನನಿಗೆ ತಲುಪಿಸಿದ್ದು ಮೇಲೆ ಹೇಳಿದ ಬಂಕಾಪುರದಲ್ಲಿಯೇ. ಯುದ್ಧದಲ್ಲಿ ಜಯವನ್ನೂ ಪುತ್ರೋತ್ಸವದ ವಾರ್ತೆಯನ್ನೂ ಪಡೆದಿದ್ದ ಅರಸನು ಸಂತುಷ್ಟನಾಗಿ ದೇವರಿಗೆ ವಿಜಯ ಪಾರ್ಶ್ವನಾಥನೆಂದು ಹೆಸರಿಟ್ಟನೆಂದು ಶಾಸನದಿಂದ ತಿಳಿದುಬರುತ್ತದೆ. ಈ ಬಸದಿಯ ಕಡೆದ ಕಂಬಗಳಿಗೆ ಕೊಟ್ಟಿರುವ ಮೆರುಗು ಎಂಥದೆಂದರೆ ಎದುರಿಗೆ ನಿಂತವರ ಪ್ರತಿಬಿಂಬವು ಅವುಗಳಲ್ಲಿ ಕಾಣುತ್ತದೆ. ಶ್ರವಣಬೆಳಗೊಳದಲ್ಲಿ ಮಂತ್ರಿ ಚಂದ್ರಮೌಳಿಯ ಪತ್ನಿ ಆಚಿಯಕ್ಕನು 1181ರಲ್ಲಿ ಕಟ್ಟಿಸಿದ ಅಕ್ಕನ ಬಸದಿಯೂ, ಸಮೀಪದ ಜಿನನಾಥಪುರದಲ್ಲಿ ರೇಚಿಮಯ್ಯನು ಕಟ್ಟಿಸಿದ ಶಾಂತಿನಾಥ ಬಸದಿಯೂ ಇದೇ ಶಿಲೆಯ ಸಂತಾನ.

ಶ್ರವಣಬೆಳಗೊಳದಲ್ಲಿಯೇ ಎರಡು ಶಿಲೆಗಳ ಧರ್ಮವನ್ನು ಹೋಲಿಸಿ ನೋಡಬಹುದು. ವಿಂಧ್ಯಗಿರಿಯ ಗೊಮ್ಮಟೇಶ್ವರನು ಕಣಶಿಲೆಯವನು. ಸುಮಾರು 58 ಅಡಿ ಎತ್ತರದ ಆ ಮೂರ್ತಿಯು ಮಳೆ ಬಿಸಿಲುಗಳಿಗೆ ಸಾವಿರ ವರ್ಷಗಳಿಂದ ಮೈಯೊಡ್ಡಿ ನಿಂತಿದೆ. ಅಕ್ಕನ ಬಸದಿಯ ಕುಸುರಿಗೆ ಅಂತಹ ಮೈ ಇಲ್ಲ. ಅದಕ್ಕೆ ನೆರಳು ಬೇಕು, ಆರೈಕೆ ಬೇಕು. ಎರಡೂ ಕಲ್ಲುಗಳಿಗೆ ಒಂದೇ ಬಗೆಯ ಶುಚಿಕಾರ್ಯ, ಒಂದೇ ಬಗೆಯ ದುರಸ್ತಿ ಸಲ್ಲದು.

ಶಿಲೆಗೆ ಒದಗುವ ಹಾನಿ

ಆಕ್ರಮಣ, ಭೂಕಂಪ, ಮರಗಳ ಬೇರು ಮುಂತಾದ ಕಾರಣಗಳಿಂದ ಹಾಳಾದ ಬಸದಿಗಳ ಕಥೆ ಎಲ್ಲರಿಗೂ ಗೊತ್ತು. ಭಕ್ತಿಯಿಂದಲೇ ಒದಗುವ ಹಾನಿಯ ಬಗೆಗೆ ಮಾತು ಕಡಿಮೆ.

ಮೊದಲನೆಯದು, ಮರಳು ಚಿಮ್ಮಿಸಿ ಕಲ್ಲನ್ನು ತೊಳೆಯುವ ಯಂತ್ರ. ಹಳೆಯ ಸುಣ್ಣ, ಎಣ್ಣೆಯ ಜಿಡ್ಡು ಹೋಗಿ ಕಲ್ಲು ಹೊಸತರಂತೆ ಕಾಣುತ್ತದೆಂಬ ಕಾರಣಕ್ಕಾಗಿ ಇದನ್ನು ಬಳಸುವುದುಂಟು. 7ರ ಕಾಠಿಣ್ಯದ ಕಣವು ಅತಿ ವೇಗದಿಂದ ಮೃದುವಾದ ಮೈಗೆ ಬಡಿದರೆ ಆಗುವುದೇನು? ಜಿಡ್ಡಿನೊಡನೆ ಯಕ್ಷಿಯ ಕಣ್ಣಿನ ರೆಪ್ಪೆಯೂ, ಸರದ ಮಣಿಗಳ ಅಂಚೂ, ಶಾಸನದ ಅಕ್ಷರವೂ ಹೋಗುತ್ತವೆ. ಒಂದು ದಿನದಲ್ಲಿ ಕಳೆದದ್ದನ್ನು ಯಾವ ನಿಧಿಯಿಂದಲೂ ಮತ್ತೆ ತುಂಬಲಾಗದು.

ಎರಡನೆಯದು, ಎಣ್ಣೆಬಣ್ಣ. ಕಲ್ಲಿನ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಬಣ್ಣದ ಹಿಂದೆ ಕಲ್ಲಿನ ಮೈ ಹೊಪ್ಪಳೆ ಏಳುತ್ತದೆ. ಮೂರನೆಯದು, ಸಿಮೆಂಟು. ಅದು ಬಳಪದ ಕಲ್ಲಿಗಿಂತ ಗಟ್ಟಿ, ನೀರನ್ನು ತಡೆದು ನಿಲ್ಲಿಸುತ್ತದೆ, ಅದರೊಳಗಿನ ಲವಣಗಳು ಕಲ್ಲಿಗೆ ಇಳಿಯುತ್ತವೆ. ಹಿಂದಿನವರ ಸುಣ್ಣದ ಗಾರೆಗೆ ಈ ದೋಷಗಳಿಲ್ಲ. ನಾಲ್ಕನೆಯದು, ವಿದ್ಯುದ್ದೀಪ, ಪಂಖ, ದಾನಿಗಳ ನಾಮಫಲಕ ಇವುಗಳಿಗಾಗಿ ಕೆತ್ತನೆಯ ಗೋಡೆಗೆ ಹಾಕುವ ರಂಧ್ರ ಮತ್ತು ಮೊಳೆ.

ಐದನೆಯದು ಸೂಕ್ಷ್ಮವಾದ ವಿಷಯ. ಪ್ರಾಚೀನ ಶಿಲಾಬಿಂಬಕ್ಕೆ ನಿತ್ಯವೂ ಪಂಚಾಮೃತ ಅಭಿಷೇಕ ಮಾಡಿ, ಜಿಡ್ಡು ಹೋಗಲೆಂದು ಒರಟಾದ ನಾರಿನಿಂದಲೋ ಪುಡಿಯಿಂದಲೋ ಉಜ್ಜಿದರೆ ಮುಖದ ಭಾವವೇ ವರ್ಷ ವರ್ಷಕ್ಕೆ ಮಾಸುತ್ತದೆ. ಕಲ್ಲಿನಲ್ಲಿ ಕಾರ್ಬೊನೇಟ್ ಅಂಶವಿದ್ದರೆ ಮೊಸರಿನಂತಹ ಹುಳಿಯ ಪದಾರ್ಥಗಳೂ ಅದನ್ನು ಕೊರೆಯುತ್ತವೆ. ಬಸದಿಯು ವಸ್ತುಸಂಗ್ರಹಾಲಯವಲ್ಲ, ಪೂಜೆ ನಿಲ್ಲಬಾರದು ಎಂಬ ಮಾತು ನ್ಯಾಯವಾದುದೇ. ಇದಕ್ಕೆ ಪರಂಪರೆಯಲ್ಲಿಯೇ ಪರಿಹಾರವಿದೆ. ನಿತ್ಯಾಭಿಷೇಕವನ್ನು ಲೋಹದ ಬಿಂಬಕ್ಕೆ ಸಲ್ಲಿಸಿ, ಮೂಲನಾಯಕನಿಗೆ ಪರ್ವದಿನಗಳಲ್ಲಿ ಮಾತ್ರ ಮಿತವಾಗಿ, ಶುದ್ಧಜಲದಿಂದ ಅಭಿಷೇಕ ಮಾಡಿ ಮೆದುವಾದ ವಸ್ತ್ರದಿಂದ ಒರೆಸುವ ಕ್ರಮವನ್ನು ಆಯಾ ಕ್ಷೇತ್ರದ ಭಟ್ಟಾರಕರ ಸಮ್ಮತಿ ಪಡೆದು ಅನುಸರಿಸಬಹುದು.

ಖಂಡಸ್ಫುಟಿತ ಜೀರ್ಣೋದ್ಧಾರ

ಹಿಂದಿನ ದಾನಿಗಳಿಗೆ ಈ ಅಪಾಯಗಳ ಅರಿವು ಇರಲಿಲ್ಲವೆಂದು ತಿಳಿಯಬಾರದು. ಬಸದಿಗೆ ಭೂಮಿ, ಸುಂಕ, ತೋಟಗಳನ್ನು ಬಿಟ್ಟುಕೊಟ್ಟ ಶಾಸನಗಳಲ್ಲಿ ದಾನದ ಉದ್ದೇಶವನ್ನು ಹೇಳುವಾಗ ದೇವರ ಪೂಜೆ, ಋಷಿಯರ ಆಹಾರದಾನ ಇವುಗಳ ಜೊತೆಯಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಪದಪುಂಜವು ಮತ್ತೆ ಮತ್ತೆ ಬರುತ್ತದೆ. ಖಂಡವೆಂದರೆ ಮುರಿದದ್ದು, ಸ್ಫುಟಿತವೆಂದರೆ ಒಡೆದು ಬಿರಿದದ್ದು. ಮುರಿದುದನ್ನು ಬಿರಿದುದನ್ನು ಸರಿಪಡಿಸುವುದೇ ಜೀರ್ಣೋದ್ಧಾರ. ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದು ಈ ಮಾತಿನ ಅರ್ಥವಲ್ಲ. ಇಂದಿನ ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ಕಟ್ಟಡವನ್ನು ಕೊಟ್ಟವರು ಅದರ ಸವಕಳಿಗೂ ನಿಧಿಯನ್ನು ಕಾದಿರಿಸಿದ್ದರು. ಗಂಗವಾಡಿಯ ಜೀರ್ಣ ಬಸದಿಗಳನ್ನೆಲ್ಲ ಉದ್ಧರಿಸಿದನೆಂಬ ಕೀರ್ತಿಯು ಮೇಲೆ ಹೇಳಿದ ಗಂಗರಾಜನಿಗೆ ಸಂದಿರುವುದು, ಹೊಸದನ್ನು ಕಟ್ಟುವಷ್ಟೇ ಹಳೆಯದನ್ನು ಉಳಿಸುವುದೂ ಪುಣ್ಯವೆಂದು ಅಂದು ಎಣಿಸಿದ್ದರೆಂಬುದಕ್ಕೆ ನಿದರ್ಶನ.

ಜೈನ ಆಚಾರಶಾಸ್ತ್ರವು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಶ್ರಾವಕನ ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಒಬ್ಬನು ನಂಬಿ ಇಟ್ಟುಹೋದ ಒತ್ತೆಯನ್ನು ಪೂರ್ಣವಾಗಿ ಹಿಂದಿರುಗಿಸದೆ ಕಡಿಮೆ ಮಾಡಿ ಕೊಡುವುದೇ ನ್ಯಾಸಾಪಹಾರ. ಬಸದಿಯ ಟ್ರಸ್ಟನ್ನು ಕನ್ನಡದಲ್ಲಿ ನ್ಯಾಸವೆಂದು ಕರೆಯುವುದು ಸಾರ್ಥಕವಾಗಿದೆ. ಅತ್ತಿಮಬ್ಬೆ, ಬೊಪ್ಪದೇವ, ಆಚಿಯಕ್ಕ ಮೊದಲಾದವರೂ, ಹೆಸರು ಉಳಿಯದ ನೂರಾರು ಹಳ್ಳಿಗಳ ಶ್ರಾವಕರೂ ಇಟ್ಟುಹೋದ ಒತ್ತೆ ಇದು. ಪಡೆಯಬೇಕಾದವರು ಇನ್ನೂ ಹುಟ್ಟಿಲ್ಲ. ನಡುವೆ ಕೆಲಕಾಲ ಇದನ್ನು ಇಟ್ಟುಕೊಂಡಿರುವವರು ಇಂದಿನ ನ್ಯಾಸಧಾರಿಗಳು. ಅವರ ಕೈಯಲ್ಲಿ ಕೆತ್ತನೆಯು ಒಂದು ಕೂದಲೆಳೆಯಷ್ಟು ಸವೆದರೂ ಒತ್ತೆಯು ಅಷ್ಟರಮಟ್ಟಿಗೆ ಕಡಿಮೆಯಾಯಿತೆಂದೇ ಅರ್ಥ. ಕಡತದ ಮೇಲಿನ ಬಳಪದ ಬರಹವನ್ನು ಒರೆಸಿ ಮತ್ತೆ ಬರೆಯಬಹುದು. ಬಳಪದ ಕಲ್ಲಿನ ಮೇಲೆ ಕೆತ್ತಿದ್ದನ್ನು ಒರೆಸಿದರೆ ಅದು ಹೋದದ್ದೇ.

ಅಚೌರ್ಯಾಣುವ್ರತದ ಅತಿಚಾರಗಳನ್ನೂ ಇಲ್ಲಿ ನೆನೆಯಬೇಕು. ಅಸಲಿನ ಸ್ಥಾನದಲ್ಲಿ ನಕಲನ್ನಿಡುವ ಪ್ರತಿರೂಪಕ ವ್ಯವಹಾರವು ಅಂಗಡಿಯ ಸರಕಿಗೆ ಮಾತ್ರ ಸಂಬಂಧಿಸಿದುದಲ್ಲ. ಮುರಿದ ಚೌಕಟ್ಟನ್ನು ತೆಗೆದು ಸಿಮೆಂಟಿನ ಅಚ್ಚನ್ನು ಕೂಡಿಸಿ, ಹಳೆಯ ಬಸದಿಯೆಂದೇ ತೋರಿಸುವುದೂ ಅದೇ ಜಾತಿಗೆ ಸೇರುತ್ತದೆ. ಕದ್ದ ವಸ್ತುವನ್ನು ಕೊಳ್ಳುವ ತದಾಹೃತಾದಾನವು ಪ್ರಾಚೀನ ಬಿಂಬಗಳ ಮಾರಾಟಕ್ಕೆ ಅನ್ವಯಿಸುತ್ತದೆ. ಭಕ್ತಿಯಿಂದ ಮನೆಯ ದೇವರಕೋಣೆಗೆ ತಂದುಕೊಂಡರೂ ಆ ದೋಷ ತಪ್ಪುವುದಿಲ್ಲ. ರಾಜ್ಯದ ಕಟ್ಟಳೆಯನ್ನು ಮೀರುವುದು ಮೂರನೆಯ ಅತಿಚಾರ.

ನ್ಯಾಸಗಳ ಕರ್ತವ್ಯ

ಕಟ್ಟಳೆಗಳ ಸ್ಥೂಲ ಪರಿಚಯ ಪ್ರತಿಯೊಂದು ಆಡಳಿತ ಮಂಡಳಿಗೂ ಇರಬೇಕು. ಕೇಂದ್ರ ಸರ್ಕಾರವು ರಾಷ್ಟ್ರೀಯ ಮಹತ್ವದ್ದೆಂದು ಘೋಷಿಸಿದ ಸ್ಮಾರಕಗಳಿಗೆ 1958ರ ಕಾಯಿದೆಯೂ, ರಾಜ್ಯ ಸಂರಕ್ಷಿತ ಸ್ಮಾರಕಗಳಿಗೆ ಕರ್ನಾಟಕದ 1961ರ ಕಾಯಿದೆಯೂ ಅನ್ವಯಿಸುತ್ತವೆ. 2010ರ ತಿದ್ದುಪಡಿಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ನೂರು ವರ್ಷಗಳಿಗಿಂತ ಹಳೆಯದಾದ ಶಿಲ್ಪಗಳು 1972ರ ಪ್ರಾಚ್ಯವಸ್ತು ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಅವುಗಳನ್ನು ನೋಂದಾಯಿಸಿಕೊಳ್ಳುವುದು ಕಳವಿನ ವಿರುದ್ಧವೂ ಒಂದು ರಕ್ಷಣೆ.

ಬಹುಪಾಲು ಹಳ್ಳಿಯ ಬಸದಿಗಳು ಯಾವ ಸಂರಕ್ಷಿತ ಪಟ್ಟಿಯಲ್ಲಿಯೂ ಇಲ್ಲ. ಅಲ್ಲಿ ಕಾವಲಿರುವುದು ಸಮಾಜದ ವಿವೇಕವೊಂದೇ. ಅಂತಹ ಬಸದಿಗಳ ಮಂಡಳಿಗಳು ಮಾಡಬಹುದಾದ ಕೆಲಸಗಳಿಗೆ ಹೆಚ್ಚು ಹಣ ಬೇಕಾಗಿಲ್ಲ. ಪ್ರತಿಯೊಂದು ಬಿಂಬ, ಶಾಸನ, ನಿಸಿದಿಗಲ್ಲುಗಳ ಛಾಯಾಚಿತ್ರ ಮತ್ತು ಅಳತೆಗಳನ್ನು ದಾಸ್ತಾನು ಪುಸ್ತಕದಲ್ಲಿ ಬರೆದು ವರ್ಷಕ್ಕೊಮ್ಮೆ ತಾಳೆ ನೋಡುವುದು. ಬಯಲಿನಲ್ಲಿ ಬಿದ್ದಿರುವ ಕಲ್ಲುಗಳಿಗೆ ಸಂಬಂಧಪಟ್ಟ ಇಲಾಖೆಯ ಒಪ್ಪಿಗೆ ಪಡೆದು ನೆರಳು ಒದಗಿಸುವುದು. ಮಾಳಿಗೆಯ ಸೋರಿಕೆಯನ್ನು ಮಳೆಗಾಲಕ್ಕೆ ಮುಂಚೆ ತಡೆಯುವುದು. ಕೆತ್ತನೆಯ ಧೂಳನ್ನು ಮೆದುವಾದ ಕುಂಚದಿಂದ ಮಾತ್ರ ತೆಗೆಯುವುದು. ದಾನಿಗಳ ಹೆಸರುಗಳನ್ನು ಹೊರಗಿನ ಪ್ರತ್ಯೇಕ ಫಲಕದಲ್ಲಿ ಬರೆಯಿಸುವುದು. ದೊಡ್ಡ ದುರಸ್ತಿಗೆ ಕೈಹಾಕುವ ಮೊದಲು ಪುರಾತತ್ತ್ವ ಇಲಾಖೆಯ ಸಲಹೆಯನ್ನು ಪಡೆಯಬೇಕು. 1991ರಲ್ಲಿ ಸ್ಥಾಪನೆಯಾದ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು ಸರ್ಕಾರ ಹಾಗೂ ಊರಿನವರ ಸಹಭಾಗಿತ್ವದಲ್ಲಿ ರಾಜ್ಯದ ಅನೇಕ ಪ್ರಾಚೀನ ದೇವಾಲಯ ಬಸದಿಗಳನ್ನು ಮೂಲರೂಪಕ್ಕೆ ಧಕ್ಕೆ ಬಾರದಂತೆ ಉದ್ಧರಿಸಿರುವುದು ಅನುಕರಣೀಯ ಮಾದರಿಯಾಗಿದೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. ಜಗತ್ತು ಮನ್ನಣೆ ನೀಡಿದ ಆ ಶಿಲ್ಪವೈಭವವು ಅರಳಿದುದು ಉಗುರಿಗೂ ಸೋಲಬಲ್ಲ ಖನಿಜದಿಂದಾದ ಕಲ್ಲಿನಲ್ಲಿ. ಅಷ್ಟು ಮೃದುವಾದುದು ಎಂಟು ಒಂಬತ್ತು ಶತಮಾನ ಉಳಿದುಬಂದಿರುವುದಕ್ಕೆ ಅದನ್ನು ಮುಟ್ಟಿದ ತಲೆಮಾರುಗಳ ಹಗುರವಾದ ಕೈಯೂ ಒಂದು ಕಾರಣ. ಪ್ರಮಾದವೇ ಹಿಂಸೆಯ ಮೂಲವೆಂದು ಹೇಳುವ ಧರ್ಮದ ಅನುಯಾಯಿಗಳಿಗೆ ಜಾಗರೂಕತೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ನಡೆಯುವಾಗ ನೆಲವನ್ನು ನೋಡಿ ಅಡಿಯಿಡುವ, ನೀರನ್ನು ಸೋಸಿ ಕುಡಿಯುವ ಆ ಎಚ್ಚರವನ್ನು ಪೂರ್ವಜರು ಒಪ್ಪಿಸಿಹೋದ ಶಿಲೆಯ ಮೇಲೂ ತೋರಿದರೆ, ಬರಲಿರುವ ಶ್ರಾವಕರಿಗೆ ಒತ್ತೆಯು ಕಡಿಮೆಯಾಗದೆ ಸಲ್ಲುವುದು.